ಕಲಿಸುವ ಕಸುಬು ಯಾರ ಋಣ?

ಗ್ರಾಮೀಣ ಯುವಜನರಿಗೆ ಕಸುಬು ಕಲಿಸುವ ಸಂಸ್ಥೆಗಳ ಪ್ರಕಟಣೆಗಳು ದಿನಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಹೈನುಗಾರಿಕೆ, ಜೇನು ಸಾಕಣೆ, ಅಣಬೆ ಬೇಸಾಯ, ಹೊಲಿಗೆ, ಮೋಟಾರ್ ರಿವೈಂಡಿಂಗ್, ಮೊಬೈಲ್ ರಿಪೇರಿ. ಅವಧಿ 10 ದಿನದಿಂದ 45 ದಿನ. ತರಬೇತಿ ಉಚಿತ, ಊಟ ವಸತಿಯೂ ಉಚಿತ. ಕೊನೆಯ ದಿನ ಸಮಾರೋಪ, ಅತಿಥಿಗಳ ಕೈಯಿಂದ ಪ್ರಮಾಣಪತ್ರ, ಸರ್ಕಾರ ನಿಮಗಾಗಿ ಇಷ್ಟೆಲ್ಲ ಮಾಡುತ್ತಿದೆ, ಸದುಪಯೋಗ ಮಾಡಿಕೊಳ್ಳಿ ಎಂಬ ಭಾಷಣ. ಈ ಮಾತಿಗೆ ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಅದರೊಳಗೆ ಒಂದು ಧರ್ಮಪ್ರಶ್ನೆ ಅಡಗಿ ಕುಳಿತಿದೆ. ಸರ್ಕಾರ ಒಕ್ಕಲು ಮನೆಯ ಮಕ್ಕಳಿಗೆ ಕಸುಬು ಕಲಿಸುವುದು ಯಾವ ಬಗೆಯ ಕ್ರಿಯೆ? ದಾನವೇ, ಕೃಪೆಯೇ, ಆಡಳಿತದ ಜಾಣ್ಮೆಯೇ, ಅಥವಾ ಯಾವುದೋ ಹಳೆಯ ಬಾಕಿಯ ತೀರುವಳಿಯೇ? ಪ್ರಶ್ನೆ ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದೆಂದು ಕಾಣಬಹುದು. ಆದರೆ ಯಾವ ಕಸುಬು ಕಲಿಸಬೇಕು, ಯಾರಿಗೆ ಕಲಿಸಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬ ದಿನನಿತ್ಯದ ಆಡಳಿತದ ಸಂಗತಿಗಳೆಲ್ಲ ಇದರ ಉತ್ತರದ ಮೇಲೇ ನಿಂತಿವೆ.

ಈ ಬಗೆಯ ತರಬೇತಿಯ ಮಾದರಿ ಹುಟ್ಟಿದ್ದು ನಮ್ಮಲ್ಲೇ. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ, ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಅಲ್ಪಾವಧಿಯ ವಸತಿ ಸಹಿತ ತರಬೇತಿ, ಬಳಿಕ ಬ್ಯಾಂಕ್ ಸಾಲಕ್ಕೆ ಕೈಜೋಡಣೆ, ಕಲಿತವರು ಏನು ಮಾಡುತ್ತಿದ್ದಾರೆಂದು ಮತ್ತೆ ಮತ್ತೆ ವಿಚಾರಿಸುವ ಪದ್ಧತಿ, ಇವು ಅದರ ಮೂರು ಕಾಲುಗಳು. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಇದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ (ಆರ್‌ಸೆಟಿ) ತೆರೆಯಲು ಹೊರಟಿತು. ಧರ್ಮಸ್ಥಳ ಅನ್ನ, ಔಷಧ, ವಿದ್ಯೆ, ಅಭಯ ಎಂಬ ಚತುರ್ವಿಧ ದಾನಕ್ಕೆ ಹೆಸರಾದ ಕ್ಷೇತ್ರ. ಕಸುಬು ಕಲಿಸುವುದು ಅಲ್ಲಿ ವಿದ್ಯಾದಾನದ ಸಹಜ ವಿಸ್ತರಣೆ. ಕ್ಷೇತ್ರ ತನ್ನ ಬೊಕ್ಕಸದಿಂದ, ತನ್ನ ಸಂಕಲ್ಪದಿಂದ ಕೊಡುವಾಗ ಅದನ್ನು ದಾನವೆನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಮಾದರಿ ಸರ್ಕಾರದ ಕೈಗೆ ಬಂದಾಗ ಅದರ ಜೊತೆಗೆ ದಾನದ ಭಾಷೆಯೂ ಬಂದುಬಿಟ್ಟಿತು. ನನ್ನ ಆಕ್ಷೇಪ ಇರುವುದು ಇಲ್ಲಿ.

ಧರ್ಮಶಾಸ್ತ್ರದ ಪ್ರಕಾರವೇ ನೋಡಿದರೂ ಸರ್ಕಾರ ದಾನ ಕೊಡಲಾರದು. ದಾನವೆಂದರೆ ತನ್ನ ಒಡೆತನವನ್ನು ಬಿಟ್ಟು ಇನ್ನೊಬ್ಬರ ಒಡೆತನವನ್ನು ಉಂಟುಮಾಡುವುದು. ಬಿಡಲು ಮೊದಲು ತನ್ನದು ಎಂಬುದು ಇರಬೇಕು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ, ನಾರದ ಸ್ಮೃತಿಯಲ್ಲಿ ಕೊಡಬಾರದ ವಸ್ತುಗಳ ವಿಚಾರವೇ ಬೇರೆಯಾಗಿ ಬರುತ್ತದೆ. ನಂಬಿ ಇಟ್ಟ ಒತ್ತೆ, ಹಲವರಿಗೆ ಸೇರಿದ ಸಾಮಾನ್ಯ ಸ್ವತ್ತು ನಾರದನ ಪಟ್ಟಿಯಲ್ಲಿ ಸ್ಪಷ್ಟವಾಗಿವೆ. ಯಾಜ್ಞವಲ್ಕ್ಯನಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಬಾಳಿದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ಮುಂದೆ ಶರಣರು ನೆರೆದದ್ದೂ ಅದೇ ಊರಿನಲ್ಲಿ. ಪ್ರಜಾಪ್ರಭುತ್ವದ ಖಜಾನೆಯನ್ನು ಈ ಅಳತೆಗೋಲಿನಿಂದ ಅಳೆದರೆ ಅದು ಏಕಕಾಲಕ್ಕೆ ಒತ್ತೆಯೂ ಹೌದು, ಸಾಮಾನ್ಯ ಸ್ವತ್ತೂ ಹೌದು. ಬೆಂಕಿಪೊಟ್ಟಣ, ಸೋಪು, ಡೀಸೆಲ್ ಕೊಳ್ಳುವಾಗಲೆಲ್ಲ ಒಕ್ಕಲು ಕುಟುಂಬ ಅದರೊಳಗೆ ತನ್ನ ಪಾಲು ಹಾಕಿದೆ. ಹಾಗಾಗಿ ಮಂತ್ರಿಯಾಗಲಿ ಅಧಿಕಾರಿಯಾಗಲಿ ಅದರಿಂದ ಕೊಟ್ಟದ್ದನ್ನು ದಾನವೆನ್ನುವುದು ಶಾಸ್ತ್ರಕ್ಕೂ ಒಗ್ಗದು, ಸಂವಿಧಾನಕ್ಕೂ ಒಗ್ಗದು. ದಾನ ಅಲ್ಲವೆಂದಾದರೆ ಉಳಿಯುವ ದಾರಿಗಳಲ್ಲಿ ಋಣವೇ ಹೆಚ್ಚು ಸರಿಯಾದದ್ದು ಎಂಬುದು ನನ್ನ ವಾದ. ತೆರಿಗೆಯ ಪಾಲು ಎಲ್ಲ ಪ್ರಜೆಗಳಿಗೂ ಉಂಟು. ರೈತಾಪಿ ಕುಟುಂಬಕ್ಕೆ ಸರ್ಕಾರ ಸಲ್ಲಿಸಬೇಕಾದ ಬಾಕಿ ಅದಕ್ಕಿಂತ ದೊಡ್ಡದು, ಅದಕ್ಕೆ ಲೆಕ್ಕವೂ ಇದೆ.

ಮೊದಲ ಲೆಕ್ಕ ಬೆಲೆಯದು. ಆರ್ಥಿಕ ಸಹಕಾರದ ಅಂತರರಾಷ್ಟ್ರೀಯ ಸಂಘಟನೆಯಾದ ಓಇಸಿಡಿ ಮತ್ತು ದೆಹಲಿಯ ಇಕ್ರಿಯರ್ ಸಂಸ್ಥೆ ಸೇರಿ 2018ರಲ್ಲಿ ಭಾರತದ ಕೃಷಿ ನೀತಿಯನ್ನು ಪರಿಶೀಲಿಸಿದವು. 2000-01ರಿಂದ 2016-17ರವರೆಗಿನ ಅವಧಿಯಲ್ಲಿ ರೈತರಿಗೆ ಸಿಕ್ಕ ಒಟ್ಟು ಬೆಂಬಲ ಸರಾಸರಿ ಸೊನ್ನೆಗಿಂತ ಕೆಳಗಿತ್ತು, ಕೃಷಿ ಆದಾಯದ ಸುಮಾರು ಶೇ. 14ರಷ್ಟು ಕೆಳಗೆ. ಗೊಬ್ಬರ, ವಿದ್ಯುತ್ತು, ನೀರಿನ ಸಬ್ಸಿಡಿಯನ್ನೆಲ್ಲ ರೈತನ ಪಾಲಿಗೆ ಕೂಡಿಸಿದ ಮೇಲೂ ಬಂದ ಲೆಕ್ಕ ಇದು. ಕಾರಣ ಗುಟ್ಟಿನದೇನಲ್ಲ. ಪೇಟೆಯಲ್ಲಿ ಬೆಲೆ ಏರಿದ ಕೂಡಲೇ ರಫ್ತಿಗೆ ತಡೆ ಬೀಳುತ್ತದೆ. 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಗೆ, ಆಗಸ್ಟ್‌ನಲ್ಲಿ ಈರುಳ್ಳಿಗೆ ಶೇ. 40ರ ಸುಂಕದ ರೂಪದಲ್ಲಿ, ಡಿಸೆಂಬರಿನಲ್ಲಿ ಈರುಳ್ಳಿಗೆ ಪೂರ್ತಿ ನಿಷೇಧವಾಗಿ ಅದು ಬಿತ್ತು. ಬೆಲೆ ಕುಸಿದಾಗ ಮಾತ್ರ ಇಷ್ಟು ಚುರುಕಾಗಿ ಯಾರೂ ಏಳುವುದಿಲ್ಲ ಎಂಬುದು ಚಿತ್ರದುರ್ಗ, ಗದಗದ ಈರುಳ್ಳಿ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಅಗ್ಗದ ಆಹಾರದಿಂದ ಪೇಟೆಯ ಬಡವರಿಗೂ ಹಳ್ಳಿಯ ಕೂಲಿಯವರಿಗೂ ಅನುಕೂಲವಾಗಿದೆ, ಉದ್ದೇಶ ಒಳ್ಳೆಯದಿತ್ತು ಎಂಬ ಉತ್ತರ ಇದೆ. ನಿಜ, ಉದ್ದೇಶ ಒಳ್ಳೆಯದೇ ಇರಬಹುದು. ಒಳ್ಳೆಯ ಕಾರ್ಯಕ್ಕೆಂದು ಮಾಡಿದ ಸಾಲವೂ ಸಾಲವೇ ತಾನೆ. ದೇಶದ ಹೊಟ್ಟೆ ತುಂಬಿಸುವ ಖರ್ಚಿನ ಒಂದು ಭಾಗವನ್ನು ಒಂದೇ ವರ್ಗದ ಹೆಗಲಿಗೆ ಹೊರಿಸಿದ ಮೇಲೆ, ಆ ವರ್ಗದ ಮಕ್ಕಳು ತರಬೇತಿಗೆ ಬಂದಾಗ ಉಪಕಾರದ ಮಾತಾಡುವುದು ಸಭ್ಯತೆಯಲ್ಲ.

ಎರಡನೆಯ ಲೆಕ್ಕ ಜ್ಞಾನದ್ದು, ಇದರ ಕಡೆ ಗಮನ ಹೋಗುವುದು ಕಡಿಮೆ. ವೈದಿಕ ಪರಂಪರೆ ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣ ಹೊತ್ತು ಬರುತ್ತಾನೆ ಎನ್ನುತ್ತದೆ. ಶತಪಥ ಬ್ರಾಹ್ಮಣ ಇವಕ್ಕೆ ಮನುಷ್ಯಋಣವನ್ನೂ ಸೇರಿಸುತ್ತದೆ. ಋಷಿಋಣ ಎಂದರೆ ಕಂಡುಕೊಂಡವರಿಂದ ಪಡೆದ ಅರಿವಿನ ಸಾಲ. ಆ ಋಷಿಗಳ ಪಂಕ್ತಿಯಲ್ಲಿ ಬೀಜ ಆಯ್ದವರನ್ನೂ ಕೂರಿಸಿದರೆ ನಮ್ಮ ಕೃಷಿ ವಿಜ್ಞಾನದ ಸಾಲಪತ್ರ ಬೇರೆಯೇ ಆಗಿ ಕಾಣುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಂಡಾಫ್ ರಾಗಿ ತಳಿಗಳನ್ನು ರೂಪಿಸಿದ್ದು ದೊಡ್ಡ ಸಾಧನೆ. ಅದಕ್ಕೆ ಮೂಲಸಾಮಗ್ರಿಯಾದ ಭಾರತದ ಮತ್ತು ಆಫ್ರಿಕದ ರಾಗಿಗಳು ತಲೆತಲಾಂತರದಿಂದ ಹೆಸರಿಲ್ಲದ ಕೈಗಳು ಆಯ್ದು ಉಳಿಸಿದವು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಸಣ್ಣ ರೈತ ದಾದಾಜಿ ಖೋಬ್ರಾಗಡೆ 1980ರ ದಶಕದಲ್ಲಿ ತಮ್ಮ ಗದ್ದೆಯಲ್ಲಿ ಬೇರೆಯಾಗಿ ಕಂಡ ತೆನೆಗಳನ್ನು ಆಯ್ದು ವರ್ಷಗಟ್ಟಲೆ ಬೆಳೆಸಿ ಒಂದು ಸಣ್ಣಕ್ಕಿ ತಳಿ ಮಾಡಿದರು. ಆ ಕಾಲದಲ್ಲಿ ಎಲ್ಲರ ಮಣಿಕಟ್ಟಿನ ಆಸೆಯಾಗಿದ್ದ ಎಚ್‌ಎಂಟಿ ಗಡಿಯಾರದ ಹೆಸರನ್ನೇ ಅದಕ್ಕೆ ಇಟ್ಟರು. ಮುಂದೆ ಅಕೋಲಾದ ಕೃಷಿ ವಿಶ್ವವಿದ್ಯಾಲಯ ಅದೇ ಬೀಜವನ್ನು ಶುದ್ಧಗೊಳಿಸಿ ಪಿಕೆವಿ-ಎಚ್‌ಎಂಟಿ ಎಂದು ಹೊರತಂದಿತು. ರೈತನೂ ತಳಿಕಾರನೇ ಎಂದು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಒಪ್ಪಿಕೊಂಡಿದೆ. ಆದರೆ 2005ರ ಉದ್ಯೋಗ ಖಾತರಿ ಕಾಯ್ದೆ (ನರೇಗಾ) ಹಳ್ಳಿಯವರಿಗೆ ಕೊಡುವುದಾಗಿ ಹೇಳಿದ್ದು ಕೌಶಲ ಬೇಡದ ದೈಹಿಕ ಕೆಲಸವನ್ನು. ಕೂರಿಗೆಯ ತಾಳಗಳಲ್ಲಿ ಕಾಳು ಸಮನಾಗಿ ಇಳಿಯುವಂತೆ ಬೀಜ ಬಿಡುವ ಹೆಂಗಸು ಈ ವ್ಯವಸ್ಥೆಯ ಕಣ್ಣಿನಲ್ಲಿ ಏನೂ ಕಲಿಯದವಳು. ಹತ್ತು ದಿನದ ಪ್ರಮಾಣಪತ್ರ ಕೈಗೆ ಬಂದಾಗಲೇ ಕುಶಲಿ. ಸಾಲಗಾರ ತನಗೆ ಸಾಲ ಕೊಟ್ಟವರನ್ನೇ ದಿವಾಳಿ ಎಂದಂತಾಯಿತು.

ಇದು ಋಣ ಎಂದು ಒಪ್ಪಿದರೆ ಒಂದು ಪರಿಣಾಮ ತಪ್ಪದೆ ಹಿಂಬಾಲಿಸುತ್ತದೆ. ದಾನ ಕೊಡುವವನು ಏನು ಕೊಡಬೇಕೆಂದು ತಾನೇ ತೀರ್ಮಾನಿಸುತ್ತಾನೆ. ಪಡೆಯುವವನು ಹಸು ಬೇಡ, ಎಮ್ಮೆ ಕೊಡು ಎನ್ನುವಂತಿಲ್ಲ. ಸಾಲ ತೀರಿಸುವವನಿಗೆ ಆ ಸ್ವಾತಂತ್ರ್ಯ ಇಲ್ಲ. ಬಾಕಿ ಹಣಕ್ಕೆ ಬದಲು ತನಗೆ ಬೇಡವಾದ ಹಳೆ ಕಬ್ಬಿಣವನ್ನು ತಂದು ಸುರಿದರೆ ತೀರುವಳಿ ಆಗುವುದಿಲ್ಲ. ಇವತ್ತು ಒಕ್ಕಲು ಮನೆಗೆ ಬರುವ ತರಬೇತಿಗಳಲ್ಲಿ ಎರಡು ಪ್ರವಾಹಗಳಿವೆ, ಎರಡರಲ್ಲೂ ತೀರ್ಮಾನ ಕೊಡುವವನದೇ. ಒಂದು, ಹೊಲದಲ್ಲೇ ಉಳಿಸುವ ಪ್ರವಾಹ. 1974ರಲ್ಲಿ ಪುದುಚೇರಿಯಲ್ಲಿ ಮೊದಲನೆಯದು ಆರಂಭವಾಗಿ ಈಗ 700ನ್ನು ದಾಟಿರುವ ಕೃಷಿ ವಿಜ್ಞಾನ ಕೇಂದ್ರಗಳ ಕೆಲಸ ಬಹುಮಟ್ಟಿಗೆ ಇದು. ಇನ್ನೊಂದು, ಹೊಲದಿಂದ ಎಬ್ಬಿಸುವ ಪ್ರವಾಹ. 2014ರ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆ 15ರಿಂದ 35ರ ವಯಸ್ಸಿನ ಬಡ ಗ್ರಾಮೀಣರನ್ನು ಸಂಬಳದ ಕೆಲಸಕ್ಕೆ ಸೇರಿಸುವುದನ್ನೇ ಗುರಿ ಮಾಡಿಕೊಂಡಿತು. ತರಬೇತಿ ಕೊಡುವ ಸಂಸ್ಥೆಗೆ ಹಣ ಬರುವುದು ಎಷ್ಟು ಜನರಿಗೆ ಕೆಲಸ ಕೊಡಿಸಿತೆಂಬ ಲೆಕ್ಕದ ಮೇಲೆ. ಆಗ ಯಾವ ಊರಿನ ಯಾವ ಕಾರ್ಖಾನೆಗೆ ಆಳು ಬೇಕೋ ಅದೇ ಕೋರ್ಸು ಹಳ್ಳಿಗೆ ಬರುತ್ತದೆ. ರಾಯಚೂರಿನ ಹುಡುಗಿಗೆ ಏನು ಬೇಕು ಎಂಬುದು ಅರ್ಜಿ ನಮೂನೆಯ ಒಂದು ಕಾಲಂ ಮಾತ್ರ.

ಇಲ್ಲಿ ಧಾರ್ಮಿಕ ಮನಸ್ಸಿನ ಗಂಭೀರ ಆಕ್ಷೇಪವೊಂದನ್ನು ಎದುರಿಸಬೇಕು. ಸ್ವಧರ್ಮದ ವಿಚಾರ ಅದು. ನೆಲವನ್ನು ತಾಯಿ ಎನ್ನುವ, ಉಳುಮೆಯನ್ನು ಎಲ್ಲ ವಿದ್ಯೆಗಳ ಮೇಲಿಟ್ಟ ಸರ್ವಜ್ಞನನ್ನು ಹಾಡಿ ಹೊಗಳುವ ಸಮಾಜ, ಒಕ್ಕಲಿನ ಮಕ್ಕಳಿಗೆ ಹೊಲ ಬಿಡುವ ವಿದ್ಯೆ ಕಲಿಸುವುದು ಅಧರ್ಮವಲ್ಲವೇ? ಮಹಾಭಾರತದ ವನಪರ್ವದ ಧರ್ಮವ್ಯಾಧನ ಕಥೆ ಈ ಪಕ್ಷದ ಅತ್ಯುತ್ತಮ ಸಾಕ್ಷಿ. ಮಿಥಿಲೆಯ ಮಾಂಸದಂಗಡಿಯಲ್ಲಿ ಕುಳಿತ ಕಟುಕ ತನ್ನ ಕುಲದ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಲೇ, ಕೌಶಿಕನೆಂಬ ಬ್ರಾಹ್ಮಣ ತಪಸ್ವಿಗೆ ಧರ್ಮ ಬೋಧಿಸುತ್ತಾನೆ. ಯಾವ ಕೆಲಸವೂ ಮನುಷ್ಯನ ಅರಿವನ್ನು ಕುಗ್ಗಿಸಲಾರದು ಎಂಬುದು ಅದರ ಬೆಳಕು. ಆದರೆ ಆ ಕಥೆಗೆ ಇನ್ನೊಂದು ಮಗ್ಗುಲಿದೆ. ವ್ಯಾಧ ಯಾಕೆ ವ್ಯಾಧನಾದ ಎಂಬುದಕ್ಕೆ ಕಥೆ ಕೊಡುವ ಕಾರಣ ಹಿಂದಿನ ಜನ್ಮದ ಶಾಪ. ಕೆಲಸದ ಘನತೆಯನ್ನು ಎತ್ತಿಹಿಡಿದ ಕಥೆಯೇ ಕೆಲಸದ ಆಯ್ಕೆಯನ್ನು ಮನುಷ್ಯನ ಕೈಯಿಂದ ಕಿತ್ತುಕೊಳ್ಳುತ್ತದೆ. ಈ ಎರಡನ್ನೂ ಬಿಡಿಸಿ ನೋಡಬೇಕಾದ್ದು ನಮ್ಮ ಕಾಲದ ಹೊಣೆ. ಅಂಬೇಡ್ಕರರು 1936ರಲ್ಲೇ ಬಿಡಿಸಿ ತೋರಿಸಿದ್ದರು: ಜಾತಿ ಹಂಚುವುದು ಶ್ರಮವನ್ನಷ್ಟೇ ಅಲ್ಲ, ಶ್ರಮಿಕರನ್ನೇ.

ಕೆಲಸಕ್ಕೆ ಘನತೆ ಕೊಡುವುದಕ್ಕೂ ಆಯ್ಕೆ ಕಿತ್ತುಕೊಳ್ಳುವುದಕ್ಕೂ ನಡುವಿನ ಈ ಗೆರೆ ಒಳ್ಳೆಯ ಮನಸ್ಸಿನಿಂದಲೇ ಅಳಿಸಿಹೋಗಬಲ್ಲದು ಎಂಬುದಕ್ಕೆ ಪಕ್ಕದ ರಾಜ್ಯದ ಚರಿತ್ರೆಯಲ್ಲಿ ಪಾಠವಿದೆ. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿದ್ದ ರಾಜಾಜಿ ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಒಂದು ಯೋಜನೆ ತಂದರು. ಮಕ್ಕಳು ದಿನಕ್ಕೆ ಮೂರು ಗಂಟೆ ಶಾಲೆಯಲ್ಲಿ ಕಲಿಯಬೇಕು, ಉಳಿದ ಹೊತ್ತು ಮನೆಯವರಿಂದ ಅವರ ಕಸುಬನ್ನು ಕಲಿಯಬೇಕು. ಶಾಲೆ ಸಾಲದ, ಮೇಷ್ಟರು ಸಾಲದ ಕಾಲದಲ್ಲಿ ಎರಡು ಪಾಳಿಯ ಉಪಾಯ ಅದು. ಕೈಕೆಲಸಕ್ಕೆ ಗೌರವ ತರುವ ಗಾಂಧೀ ಆದರ್ಶವೂ ಅದರಲ್ಲಿ ಇತ್ತು. 1937ರ ವಾರ್ಧಾ ಶಿಕ್ಷಣ ಚಿಂತನೆಯಲ್ಲಿ ಎಲ್ಲ ಮಕ್ಕಳೂ ಒಂದು ಕೈಕಸುಬನ್ನು ಕಲಿಯಬೇಕಿತ್ತು. ರಾಜಾಜಿಯವರ ಯೋಜನೆಯಲ್ಲಿ ಪ್ರತಿ ಮಗು ತನ್ನ ಅಪ್ಪನ ಕಸುಬನ್ನು ಕಲಿಯಬೇಕಾಯಿತು. ಇದು ಕುಲಕಸುಬಿನ ಶಿಕ್ಷಣ ಎಂದು ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಎದ್ದರು. 1954ರಲ್ಲಿ ಕಾಮರಾಜರು ಅಧಿಕಾರಕ್ಕೆ ಬಂದು ಯೋಜನೆಯನ್ನು ಕೈಬಿಟ್ಟರು. ರೈತನ ಮಗ ರೈತನೇ ಆಗಬೇಕು, ಅದಕ್ಕಾಗಿ ಅವನಿಗೆ ಕೃಷಿ ಕೌಶಲವನ್ನೇ ಕಲಿಸಬೇಕು ಎನ್ನುವ ಇಂದಿನ ಹಸಿರು ಮಾತಿನಲ್ಲೂ ಅದೇ ಅಪಾಯ ಇದೆ. ಡಾಕ್ಟರ ಮಕ್ಕಳಿಗೆ ಸ್ವಧರ್ಮವನ್ನು ನೆನಪಿಸುವ ಯೋಜನೆಯನ್ನು ಯಾವ ಸರ್ಕಾರವೂ ತಂದಿಲ್ಲ.

ಹಾಗಾದರೆ ಶರಣರ ಕಾಯಕ? ಅದನ್ನೂ ಇದ್ದಲ್ಲೇ ಇರು ಎಂಬ ಉಪದೇಶವಾಗಿ ಬಳಸುವ ರೂಢಿ ಕಚೇರಿಗಳ ಗೋಡೆಬರಹಗಳಿಂದ ಹಿಡಿದು ಮಂತ್ರಿಗಳ ಭಾಷಣದವರೆಗೆ ಹಬ್ಬಿದೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಶರಣರಲ್ಲಿ ಬಹುಮಂದಿ ತಮ್ಮ ಹಿಂದಿನ ಕೆಲಸವನ್ನೇ ಮುಂದುವರಿಸಿದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಒಕ್ಕಲಿಗ ಮುದ್ದಣ್ಣ, ಹೆಸರುಗಳೇ ಇದಕ್ಕೆ ಸಾಕ್ಷಿ. ಕಲ್ಯಾಣ ಕಸುಬು ಬದಲಿಸುವ ತರಬೇತಿ ಕೇಂದ್ರವಾಗಿತ್ತು ಎಂದರೆ ಇತಿಹಾಸಕ್ಕೆ ಅಪಚಾರ. ಅಲ್ಲಿ ಮುರಿದದ್ದು ಕಸುಬುಗಳ ನಡುವಿನ ಮೇಲುಕೀಳು. ಅಷ್ಟೇ ಆಗಿದ್ದರೂ ದೊಡ್ಡದೇ, ಆದರೆ ಅಷ್ಟೇ ಅಲ್ಲ. ಮೋಳಿಗೆ ಮಾರಯ್ಯನನ್ನು ಪರಂಪರೆ ಕಾಶ್ಮೀರದ ಅರಸ ಎಂದು ನೆನೆಯುತ್ತದೆ. ರಾಜ್ಯ ಬಿಟ್ಟು ಕಲ್ಯಾಣಕ್ಕೆ ಬಂದು, ಕಟ್ಟಿಗೆ ಹೊರೆ ಮಾರಿ ಬದುಕುವುದನ್ನು ಅವನು ಆರಿಸಿಕೊಂಡ. ಐತಿಹ್ಯದ ಅರಸುತನ ಎಷ್ಟು ನಿಜವೋ ಬೇರೆ ಮಾತು. ಕಾಯಕ ಹುಟ್ಟಿನಿಂದ ಅಂಟಿದ್ದಲ್ಲ, ಆರಿಸಿಕೊಳ್ಳಬಹುದಾದ್ದು ಎಂಬ ಅರಿವು ಆ ಸಮುದಾಯಕ್ಕಿತ್ತು ಎಂಬುದನ್ನಂತೂ ಆ ಕಥೆ ತೋರಿಸುತ್ತದೆ. ಅರಸನಿಗೆ ಕೆಳಗಿಳಿದು ಆರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದರೆ ಒಕ್ಕಲಿನ ಮಗಳಿಗೆ ಪಕ್ಕಕ್ಕೆ ಸರಿದು ಆರಿಸಿಕೊಳ್ಳುವ ಸ್ವಾತಂತ್ರ್ಯ ಯಾಕೆ ಇರಬಾರದು? ಕಾಯಕವನ್ನು ಪೂಜೆ ಎನ್ನುವವರು ಗಮನಿಸಬೇಕು: ಬಲವಂತದ ಪೂಜೆಯನ್ನು ಶರಣರು ಪೂಜೆ ಎಂದೇ ಎಣಿಸಲಿಲ್ಲ.

ಆಯ್ಕೆಯ ಹಸಿವು ಹೊರಗಿನವರು ತಂದು ತುಂಬಿದ್ದೂ ಅಲ್ಲ. 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಸುಮಾರು ಶೇ. 40 ಮಂದಿ ರೈತರು, ಅವಕಾಶ ಸಿಕ್ಕರೆ ಬೇರೆ ಉದ್ಯೋಗಕ್ಕೆ ಹೋಗುತ್ತೇವೆ ಎಂದಿದ್ದರು. 2018-19ರ ಸಮೀಕ್ಷೆಯ ಅಂಕಿಗಳು ಅದಕ್ಕೆ ವಿವರಣೆಯಂತಿವೆ. ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಕೂಲಿ-ಸಂಬಳದಿಂದ 4,063, ಬೆಳೆಯಿಂದ 3,798, ದನಕರುಗಳಿಂದ 1,582, ಕೃಷಿಯೇತರ ಸ್ವಂತ ವ್ಯವಹಾರದಿಂದ 641, ಉಳಿದದ್ದು ಜಮೀನಿನ ಗುತ್ತಿಗೆ. ಅಂದರೆ ರೈತ ಕುಟುಂಬವೆಂದು ನಾವು ಕರೆಯುವ ಕುಟುಂಬ ಆ ಹೊತ್ತಿಗಾಗಲೇ ಬೆಳೆಗಿಂತ ಕೂಲಿಯ ಮೇಲೆ ಹೆಚ್ಚು ನಿಂತಿತ್ತು. 1970-71ರಲ್ಲಿ 2.28 ಹೆಕ್ಟೇರ್ ಇದ್ದ ಸರಾಸರಿ ಹಿಡುವಳಿ 2015-16ಕ್ಕೆ 1.08 ಹೆಕ್ಟೇರಿಗೆ ಇಳಿದಿದೆ, ಶೇ. 86ರಷ್ಟು ಹಿಡುವಳಿಗಳು ಸಣ್ಣವು, ಅತಿಸಣ್ಣವು. ಹೊಲವೋ ಪೇಟೆಯೋ ಎಂದು ಕೇಳುವ ತತ್ವಜ್ಞಾನಿಗೆ ಈ ಕುಟುಂಬಗಳು ಎರಡೂ ಎಂದು ಉತ್ತರಿಸಿ ವರ್ಷಗಳೇ ಆದವು. ಅಣ್ಣ ಹೊಲದಲ್ಲಿ, ತಮ್ಮ ಗ್ಯಾರೇಜಿನಲ್ಲಿ, ಅತ್ತಿಗೆ ಹಾಲಿನ ಡೇರಿಗೆ ಹಾಲು ಹಾಕುವವಳು. ತರಬೇತಿಯ ಯೋಜನೆಗಳು ಮಾತ್ರ ಇನ್ನೂ ವ್ಯಕ್ತಿಯನ್ನು ಕಾಣುತ್ತವೆ, ಮನೆಯನ್ನು ಕಾಣುವುದಿಲ್ಲ.

ಇನ್ನೊಂದು ಆಕ್ಷೇಪ ನೈತಿಕವಾದದ್ದು. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ, ಉಚಿತಗಳು ದುಡಿಮೆಯ ಛಲವನ್ನು ಕೊಲ್ಲುತ್ತವೆ ಎಂಬುದು. ಇದಕ್ಕೂ ಶರಣರಿಂದಲೇ ಆಧಾರ ತರಬಹುದು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಅಕ್ಕಿ ಆಯುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ವಾಪಸು ಕಳಿಸಿದಳು. ದುಡಿಮೆ ಮೀರಿ ಬಂದದ್ದನ್ನು ಮುಟ್ಟದ ಈ ನಿಷ್ಠುರತೆಯ ಮುಂದೆ ಸರ್ಕಾರಿ ಉಚಿತ ಯಾವ ಲೆಕ್ಕ? ಆದರೆ ಲಕ್ಕಮ್ಮನ ತಕ್ಕಡಿಗೆ ಎರಡು ತಟ್ಟೆಗಳಿವೆ. ದುಡಿದದ್ದಕ್ಕಿಂತ ಹೆಚ್ಚು ಬೇಡ ಎಂಬ ನ್ಯಾಯವೇ, ದುಡಿದದ್ದಕ್ಕಿಂತ ಕಡಿಮೆ ಸಿಕ್ಕವರ ಬಾಕಿಯನ್ನೂ ತೋರಿಸುತ್ತದೆ. ಅಲ್ಲದೆ ಈ ತರಬೇತಿ ನಿಜವಾಗಿ ಪುಕ್ಕಟೆಯೂ ಅಲ್ಲ. ಕೂಲಿ ಮಾಡುವ ಹೆಣ್ಣುಮಗಳು ಹತ್ತು ದಿನ ತರಬೇತಿಗೆ ಕೂತರೆ ಹತ್ತು ದಿನದ ಕೂಲಿ ಹೋಯಿತು; ಮನೆಯಲ್ಲಿ ಎಮ್ಮೆ ಕರೆಯುವವರು, ಮಗು ನೋಡುವವರು ಬೇರೆ ಬೇಕು. ಆ ಖರ್ಚು ಯಾವ ಬಜೆಟ್ಟಿನಲ್ಲೂ ಬರುವುದಿಲ್ಲ. 2019ರ ಕೊನೆಗೆ ನರೇಗಾದಡಿ ತಂದ ಉನ್ನತಿ ಯೋಜನೆ ಇದನ್ನು ಕಂಡುಕೊಂಡಿತು. ವರ್ಷಕ್ಕೆ 100 ದಿನ ದುಡಿದ ಕುಟುಂಬದ ಒಬ್ಬರು ತರಬೇತಿಗೆ ಬಂದರೆ ಆ ದಿನಗಳಿಗೆ ಕೂಲಿಗೆ ಸಮನಾದ ಭತ್ಯೆ ಕೊಡುವುದು ಅದರ ನಿಯಮವಾಗಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಕೌಶಲಾಭಿವೃದ್ಧಿಯ ಸಂಸಾರದಲ್ಲಿ ಋಣಪ್ರಜ್ಞೆಗೆ ಅತಿ ಹತ್ತಿರ ಬಂದ ಸಾಲು ಅದೊಂದೇ. ಅದು ಅಪವಾದವಾಗಿ ಉಳಿದದ್ದು ಯಾಕೆ ಎಂಬುದಕ್ಕೆ ಹಣದ ಕೊರತೆ ಎಂಬ ಉತ್ತರ ಸಾಲದು; ಕೊಡುವ ಕೈಗೆ ತಾನು ದಾನಿ ಎಂಬ ಭಾವನೆ ಇರುವವರೆಗೆ ಬೇಡುವವನ ಕೂಲಿಯ ಚಿಂತೆ ಅದಕ್ಕೆ ಹತ್ತುವುದಿಲ್ಲ.

ನನ್ನ ವಾದಕ್ಕೆ ನಿಜವಾಗಿ ಗಟ್ಟಿ ಎದುರಾಳಿ ಇನ್ನೊಂದು ಕಡೆಯಿಂದ, ರೈತ ಚಳವಳಿಯ ಕಡೆಯಿಂದ, ಬರುತ್ತದೆ. ರೈತನಿಗೆ ಕೊರತೆ ಇರುವುದು ಬೆಲೆಯದು, ನೀರಿನದು, ನೆಲದ್ದು, ಕೌಶಲದ್ದಲ್ಲ. ತರಬೇತಿ ಕೊಡುವುದೆಂದರೆ ಅವನ ಬಡತನಕ್ಕೆ ಅವನ ಅಜ್ಞಾನವೇ ಕಾರಣ ಎಂದು ಪ್ರಮಾಣಪತ್ರದ ಮೇಲೆ ಬರೆದುಕೊಟ್ಟಂತೆ. ಈ ಮಾತಿನ ಬಹುಭಾಗವನ್ನು ನಾನು ಒಪ್ಪುತ್ತೇನೆ. ಬೆಲೆಯ ಅನ್ಯಾಯವನ್ನು ಸರಿಪಡಿಸದೆ ಹತ್ತು ದಿನದ ಅಣಬೆ ಕೃಷಿ ಕಲಿಸಿ ಕೈತೊಳೆದುಕೊಳ್ಳುವುದು ವಂಚನೆ. ಋಣದ ಭಾಷೆಯಲ್ಲೇ ಹೇಳುವುದಾದರೆ ಇದು ಒಂದು ಕಂತು, ಪೂರ್ತಿ ತೀರುವಳಿ ಅಲ್ಲ. ಕಂತು ಕೊಟ್ಟು ಸಾಲಪತ್ರ ಹರಿದುಹಾಕುವ ಹಕ್ಕು ಸಾಲಗಾರನಿಗಿಲ್ಲ. ಕಂತೂ ಬೇಡ ಎನ್ನುವುದು ಮಾತ್ರ ಒಪ್ಪಿಗೆಯಾಗುವುದಿಲ್ಲ. ಬೆಲೆಯ ಹೋರಾಟ ಗೆಲ್ಲುವ ತನಕ ಎರಡು ಎಕರೆ ಮನೆಯ ಮೂರನೆಯ ಮಗ ಕಾಯಲಾರ. ಕಲಿತ ಕೆಲಸಕ್ಕೆ ಸುತ್ತಮುತ್ತ ಬೇಡಿಕೆ ಇದೆಯೇ, ಸಲಕರಣೆಗೆ ಸಾಲ ಸಿಗುತ್ತದೆಯೇ ಎಂಬುದು ಕಂತಿನ ಯೋಗ್ಯತೆಯನ್ನು ನಿರ್ಧರಿಸುತ್ತದೆ. 1,261 ಕೋಟಿ ರೂಪಾಯಿಯ ಡ್ರೋನ್ ದೀದಿ ಯೋಜನೆಯನ್ನು ನೋಡಿ. 15,000 ಸ್ವಸಹಾಯ ಸಂಘಗಳಿಗೆ ಡ್ರೋನ್, ಬೆಲೆಯ ಶೇ. 80ರವರೆಗೆ, ಗರಿಷ್ಠ 8 ಲಕ್ಷ ನೆರವು, ಒಬ್ಬ ಸದಸ್ಯೆಗೆ 15 ದಿನದ ತರಬೇತಿ. ಹಳ್ಳಿಯ ಹೆಂಗಸು ಡ್ರೋನ್ ಹಾರಿಸುವ ಚಿತ್ರ ಚೆಂದವೇ. ಗೇಣಗಲದ ತುಂಡು ಹೊಲಗಳ ಒಣಭೂಮಿಯಲ್ಲಿ ಔಷಧಿ ಸಿಂಪರಣೆಗೆ ವರ್ಷದಲ್ಲಿ ಎಷ್ಟು ದಿನ ಕೆಲಸ ಸಿಗುತ್ತದೆ ಎಂಬ ಲೆಕ್ಕವನ್ನು ಆ ಸಂಘದ ಹೆಂಗಸರೇ ಕೂತು ಹಾಕಿ, ಇದು ನಮಗೆ ಬೇಕು ಎಂದು ಕೇಳಿದ್ದರೆ ಇನ್ನೂ ಚೆಂದ.

ಇನ್ನು ಸಾಲ ಕೊಟ್ಟವರು ಯಾರು ಎಂಬ ಪ್ರಶ್ನೆ. ಇಲ್ಲಿ ನಾವು ಹೆಚ್ಚು ತಪ್ಪುತ್ತೇವೆ. ಸ್ವಾಮಿನಾಥನ್ ಆಯೋಗದ ಕೆಲಸದಿಂದ ಬಂದ 2007ರ ರಾಷ್ಟ್ರೀಯ ರೈತ ನೀತಿ, ರೈತ ಎಂಬ ಹೆಸರಿನಡಿ ಉಳುವವರ ಜೊತೆಗೆ ಕೃಷಿ ಕಾರ್ಮಿಕರು, ಗೇಣಿದಾರರು, ಪಾಲುದಾರರು, ಕುರಿ-ಕೋಳಿ ಸಾಕುವವರು, ಮೀನುಗಾರರು, ಜೇನು ಸಾಕುವವರು, ಪಶುಪಾಲಕರನ್ನೆಲ್ಲ ಸೇರಿಸಿತು. ವ್ಯವಹಾರದಲ್ಲಿ ಮಾತ್ರ ಪಹಣಿಯಲ್ಲಿ ಹೆಸರಿದ್ದವನೇ ರೈತ. ಪಿಎಂ ಕಿಸಾನ್ ಹಣ ಭೂಮಿ ಇದ್ದವರಿಗೇ ಬರುತ್ತದೆ. ದುಡಿಯುವ ಹೆಂಗಸರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ಕೃಷಿಯಲ್ಲಿದ್ದಾರೆ, ಹೆಂಗಸರ ಹೆಸರಿನಲ್ಲಿ ನಡೆಯುವ ಹಿಡುವಳಿ ಸುಮಾರು ಶೇ. 14. ಋಣದ ತರ್ಕ ಇಲ್ಲಿ ನಮ್ಮನ್ನು ಅನುಕೂಲದ ಜಾಗದಲ್ಲಿ ನಿಲ್ಲಗೊಡುವುದಿಲ್ಲ. ಅಗ್ಗದ ಬೆಳೆಯ ಭಾರವನ್ನು ಭೂಮಾಲೀಕ ಅರ್ಧ ಹೊತ್ತು ಉಳಿದರ್ಧವನ್ನು ಅಗ್ಗದ ಕೂಲಿಯಾಗಿ ಕೆಳಗೆ ದಾಟಿಸಿದ. ಕೇರಿಯ ಕೂಲಿಗಾರ್ತಿಗೆ ದಾಟಿಸಲು ಇನ್ನೊಬ್ಬರಿರಲಿಲ್ಲ. ಹಾಗಾಗಿ ದೊಡ್ಡ ಬಾಕಿ ಅವಳದು. ಕೆಲವು ಕಡೆ ಜಮೀನುದಾರರು ತಮ್ಮ ಆಳುಗಳು ತರಬೇತಿಗೆ ಹೋಗುವುದನ್ನು ಇಷ್ಟಪಡದಿರುವುದೂ ಉಂಟು. ನಾಟಿ ಕಾಲಕ್ಕೆ ಆಳು ಸಿಗುವುದಿಲ್ಲ ಎಂಬ ಗೊಣಗಾಟ ಕೇಳದ ಊರಿಲ್ಲ. ಸರ್ಕಾರ ತನಗೆ ಮಾಡಿದ ಅನ್ಯಾಯವನ್ನು ಹೇಳಿಕೊಳ್ಳುವ ರೈತ ತಾನು ಕೂಲಿಯವಳಿಗೆ ಉಳಿಸಿಕೊಂಡ ಬಾಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಕೇಳುವುದು ದೊಡ್ಡದೇನಲ್ಲ. ತರಬೇತಿ ಸಂಸ್ಥೆಗಳ ವರದಿಯಲ್ಲಿ ಇಂದು ಎಷ್ಟು ಜನ ಕಲಿತರು, ಎಷ್ಟು ಜನ ನೆಲೆ ಕಂಡುಕೊಂಡರು, ಎಷ್ಟು ಸಾಲ ಸಿಕ್ಕಿತು ಎಂಬ ಅಂಕಿಗಳಿರುತ್ತವೆ. ಅಭ್ಯರ್ಥಿ ತಾನಾಗಿ ಕೇಳಿದ ಕಸುಬು ಯಾವುದು, ಅದೇ ಸಿಕ್ಕಿತೇ, ಸಿಗದಿದ್ದರೆ ಯಾಕೆ ಎಂಬ ಒಂದು ಸಾಲು ಇನ್ನು ಮುಂದೆ ಅಲ್ಲಿ ಬರಲಿ. ತರಬೇತಿಯ ದಿನಗಳಿಗೆ ಕೂಲಿಭತ್ಯೆ ಎಲ್ಲ ಯೋಜನೆಗಳಲ್ಲೂ ನಿಯಮವಾಗಲಿ. ಪಟ್ಟಿ ಮಾಡುವಾಗ ಪಹಣಿಯನ್ನು ಬದಿಗಿಟ್ಟು 2007ರ ನೀತಿಯ ವ್ಯಾಖ್ಯೆಯನ್ನು ಹಿಡಿಯಲಿ. ಇದಕ್ಕೆ ದೆಹಲಿಯ ಆದೇಶಕ್ಕಾಗಿ ಕಾಯುತ್ತ ಕೂರಬೇಕಾಗಿಲ್ಲ. ಪಂಚಾಯಿತಿಯ ಗ್ರಾಮಸಭೆಗಳಲ್ಲಿ ಚರಂಡಿ, ಬೀದಿದೀಪ, ಮನೆಗಳ ಪಟ್ಟಿ ಮುಗಿಯುವ ಹೊತ್ತಿಗೆ ಜನ ಎದ್ದುಹೋಗಿರುತ್ತಾರೆ. ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಅದಕ್ಕೂ ಮೊದಲೇ ಎದ್ದುನಿಂತು, ಬರುವ ವರ್ಷ ನಮ್ಮ ಮಕ್ಕಳಿಗೆ ಯಾವ ಕಸುಬು ಕಲಿಸಬೇಕೆಂದು ನಾವೇ ಬರೆದು ಕೊಡುತ್ತೇವೆ, ಠರಾವು ಮಾಡಿ ಜಿಲ್ಲಾ ತರಬೇತಿ ಸಂಸ್ಥೆಗೆ ಕಳಿಸಿ ಎಂದು ಕೇಳಿ.